ಹೊಲ ಕಾಯುವ ಹಾಡು

ಮಾತಿನ ವಿಷಯದಲ್ಲಿ ವೀರಪ್ಪನಷ್ಟು ಜಿಪುಣ ಬನವಾಸಿ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ವಾಕ್ಯವೆಂದರೆ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರಬೇಕೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ವೀರಪ್ಪ ಆ ಮೂರರಲ್ಲಿ ಒಂದನ್ನು ಮಾತ್ರ ಹೊರಗೆ ಬಿಡುತ್ತಿದ್ದ. ಉಳಿದೆರಡನ್ನು ಕೇಳುವವರು ತಾವೇ ಹುಡುಕಿಕೊಳ್ಳಬೇಕಿತ್ತು. ಒಮ್ಮೆ ಪಶುವೈದ್ಯರಿಗೆ ಫೋನು ಮಾಡಿ "ಎಮ್ಮಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದ. ವೈದ್ಯರು ಔಷಧದ ಚೀಲ ಹಿಡಿದು ಸೀದಾ ಅವನ ಮನೆಗೇ ಬಂದರು. ಹೇಗೆ ಗೊತ್ತಾಯಿತೆಂದು ಕೇಳಿದರೆ, "ಹೆಸರೂ ಹೇಳದೆ ಊರೂ ಹೇಳದೆ ಫೋನಿಡುವವರು ಈ ಕಡೆ ನೀವೊಬ್ಬರೇ" ಎಂದರಂತೆ.

ಹೆಂಡತಿ ಪಾರ್ವತವ್ವ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿಕೊಂಡು ಇಷ್ಟು ವರ್ಷ ಸಂಸಾರ ನಡೆಸಿದ್ದಳು. ಒಬ್ಬಳೇ ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದರು. ಹಳ್ಳದ ದಂಡೆಯ ಹೊಲದಲ್ಲಿ ಗೋವಿನಜೋಳ ಬೆಳೆಯುತ್ತಿದ್ದರು. ತೆನೆ ಹಾಲುಗಟ್ಟಿದ ದಿನದಿಂದ ಮಂಗಗಳ ಕಾಟ ಶುರುವಾಗುತ್ತದೆ. ದನ, ಗೊಬ್ಬರ, ಮೇವು ವೀರಪ್ಪನ ಕೆಲಸ. ಹಗಲೆಲ್ಲ ಹೊಲ ಕಾಯುವುದು ಪಾರ್ವತವ್ವನ ಕೆಲಸ.

ಜಗಳ ಆದದ್ದು ಒಂದು ಸೀರೆಯಿಂದ. ಯಲ್ಲಾಪುರದಲ್ಲಿ ನೆಂಟರ ಮದುವೆಗೆ ಹೋದಾಗ ಪಾರ್ವತವ್ವನಿಗೆ ಆಯೇರಿಯ ಉಡುಗೊರೆಯಾಗಿ ಒಂದು ಕೆಂಪು ಸೀರೆ ಬಂದಿತ್ತು. ಮರುದಿನ ಬೆಳಿಗ್ಗೆ ಅದನ್ನು ಉಟ್ಟು, ಪಡಸಾಲೆಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ ಗಂಡನ ಮುಂದೆ ಬಂದು ನಿಂತಳು.

"ಹ್ಯಾಂಗ ಕಾಣ್ತೀನ್ರಿ?"

ವೀರಪ್ಪ ತಲೆಯೆತ್ತಿ ನೋಡಿದ. ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದಳು. ಇಷ್ಟು ಚಂದದ ಬಣ್ಣ ಹೊಲದಲ್ಲಿ ನಿಂತರೆ ಹಳ್ಳದ ಆಚೆಗೂ ಹೊಳೆದೀತು, ಅದನ್ನು ಕಂಡು ಮಂಗಗಳೂ ಹತ್ತಿರ ಬರಲಾರವು ಎಂದು ಅವನ ಮನಸ್ಸಿನಲ್ಲಿ ಒಂದು ದೊಡ್ಡ ವಾಕ್ಯವೇ ಮೂಡಿತು. ಹಳೆಯ ಅಭ್ಯಾಸದಂತೆ ಅದರ ತಲೆಯನ್ನೂ ನಡುವನ್ನೂ ನುಂಗಿ, ಬಾಲವನ್ನಷ್ಟೇ ಹೊರಗೆ ಬಿಟ್ಟ.

"ಮಂಗ ಹೆದರ್ತಾವ."

ಪಾರ್ವತವ್ವ ಸೀದಾ ಒಳಗೆ ಹೋಗಿ ಚೀಲ ತುಂಬಿಕೊಂಡು ಬಂದಳು. "ಹಂಗಾರ ಬೆದರುಗೊಂಬಿ ಒಂದು ಕಟ್ಟಿ ನಿಲ್ಲಿಸ್ಕೊರ್ರಿ. ಅದು ಊಟಾ ಕೇಳೂದಿಲ್ಲ, ಸೀರಿನೂ ಕೇಳೂದಿಲ್ಲ. ನಾ ನನ್ನ ತಮ್ಮನ ಮನಿಗೆ ಹೊಂಟೆ."

"ಹೋಗು" ಎಂದ ವೀರಪ್ಪ.

ಮನೆಯಿಂದ ಹೊರಟವರಿಗೆ ಬರೀ ‘ಹೋಗು’ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಸಂತೆಗೆ ಹೋಗುವವರಿಗೂ ‘ಹೋಗಿ ಬಾ’ ಎನ್ನಬೇಕು. ವೀರಪ್ಪ ಎಂದಿನಂತೆ ಅರ್ಧ ಹೇಳಿ ಅರ್ಧ ಉಳಿಸಿದ್ದ. ಅದರಲ್ಲಿ ಕೋಪವೂ ಇರಲಿಲ್ಲ, ಯೋಚನೆಯೂ ಇರಲಿಲ್ಲ. ಆದರೆ ಪಾರ್ವತವ್ವನಿಗೆ ಆ ಉಳಿದ ಅರ್ಧವೇ ಎದೆಗೆ ನೆಟ್ಟಿತು. ಹಳ್ಳದ ಮೇಲಿನ ಕಾಲುಸಂಕ ದಾಟಿ ತಮ್ಮ ಶಿವಪುತ್ರಪ್ಪನ ಮನೆ ಸೇರಿದವಳು ಅಂಗಳದಲ್ಲೇ ತಮ್ಮನ ಹೆಂಡತಿ ವಾಣಿಶ್ರೀಯ ಮುಂದೆ ಘೋಷಿಸಿಬಿಟ್ಟಳು: "ಹೋಗು ಅಂದ ಬಾಯಿ ಬಾ ಅನ್ನೂತನಕ ನಾ ಆ ಹೊಸ್ತಿಲಾ ತುಳಿಯಾಕಿ ಅಲ್ಲ."

ವೀರಪ್ಪನಿಗೆ ಈ ಸುದ್ದಿ ಅದೇ ಸಂಜೆ ಮುಟ್ಟಿತು. ಒಂದು ‘ಬಾ’ ಎನ್ನುವುದು ಏನು ಮಹಾ ಎಂದು ಯಾರಿಗಾದರೂ ಅನಿಸಬಹುದು. ಅವನು ಪ್ರಯತ್ನಿಸದೆ ಇರಲಿಲ್ಲ. ಮರುದಿನ ಸಂಕದವರೆಗೆ ನಡೆದು ಹೋದ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ಇಷ್ಟು ಜನರ ಮುಂದೆ ಹೋಗಿ ಹೆಂಡತಿಯನ್ನು ‘ಬಾ’ ಎಂದು ಕರೆಯುವುದನ್ನು ನೆನೆದೇ ಅವನ ಕಿವಿ ಕೆಂಪಾದವು. ಕಾಲು ತೊಳೆದುಕೊಳ್ಳಲು ಬಂದವನಂತೆ ಕಾಲು ತೊಳೆದುಕೊಂಡು ತಿರುಗಿ ಬಂದ.

ಅತ್ತ ಹೊಲದಲ್ಲಿ ಮಂಗಗಳಿಗೆ ಹಬ್ಬವಾಗಿತ್ತು. ಕಾಯುವವಳಿಲ್ಲ ಎಂಬುದು ಅವಕ್ಕೆ ಊರಿನವರಿಗಿಂತ ಮೊದಲೇ ತಿಳಿದಿತ್ತು. ದನ ನೋಡಲು ಮನೆಗೆ ಬಂದರೆ ಹೊಲ ಬರಿದು, ಹೊಲಕ್ಕೆ ಹೋದರೆ ದನ ಉಪವಾಸ. ಕೊನೆಗೆ ಪಕ್ಕದ ಹೊಲದ ಸತೀಶ ಒಂದು ಉಪಾಯ ಹೇಳಿದ. ಬಿಸಿಲಿನಿಂದ ಚಾರ್ಜಾಗುವ ಮೈಕು ಬಂದಿದೆಯಂತೆ; ಅದರಲ್ಲಿ ಹಾಡು ಹಾಕಿಟ್ಟರೆ ಯಾರೋ ಇದ್ದಾರೆಂದು ಮಂಗಗಳು ಬರುವುದಿಲ್ಲವಂತೆ. ವೀರಪ್ಪ ಬಸ್ಸು ಹತ್ತಿ ಶಿರಸಿಗೆ ಹೋದ. ಮೈಕು ಕೊಂಡು, ಅದನ್ನು ಬಗಲಲ್ಲಿಟ್ಟುಕೊಂಡು, ಪೇಟೆಯಲ್ಲಿ ಕಿಶೋರ ಎಂಬವನ ಮೊಬೈಲ್ ಅಂಗಡಿಗೆ ನುಗ್ಗಿದ.

ಕನ್ನಡದ ‘ಕಾಯು’ ಎಂಬುದು ಬಹಳ ದುಡಿಯುವ ಧಾತು. ರೈತ ಹೊಲ ಕಾಯುತ್ತಾನೆ, ಒಲೆಯ ಮೇಲೆ ನೀರು ಕಾಯುತ್ತದೆ, ನಲ್ಲನಿಗಾಗಿ ನಲ್ಲೆ ಕಾಯುತ್ತಾಳೆ. ಏನನ್ನು, ಯಾರಿಗಾಗಿ ಎಂದು ಜೊತೆಗೆ ಇನ್ನೊಂದು ಪದವಿಟ್ಟರೆ ಯಾವ ಗೊಂದಲವೂ ಇಲ್ಲ. ವೀರಪ್ಪ ಆ ಪದವನ್ನೇ ಉಳಿತಾಯ ಮಾಡಿದ.

"ಕಾಯಾಕ ಹಾಡು ಬೇಕ್ರಿ" ಎಂದು ಪೆನ್‌ಡ್ರೈವ್ ಮುಂದಿಟ್ಟ.

ಕಿಶೋರ ಕನ್ನಡಕದ ಮೇಲಿನಿಂದ ನೋಡಿದ. "ಕಾಯೋ ಹಾಡಾ? ಯಾರು ಕಾಯೋದು, ನೀವಾ?"

"ಹೂಂ. ನಾನ."

"ಮನೆಯವ್ರು ಎಲ್ಲಿ?"

"ತವರಿಗೆ ಹೋಗ್ಯಾಳ. ಅದಕ್ಕ."

ಕಿಶೋರನ ಕೈ ತಡೆಯಿತು. ನೆರೆತ ಮೀಸೆ, ಮಣ್ಣು ಮೆತ್ತಿದ ಚಪ್ಪಲಿ, ಬಗಲಲ್ಲಿ ಮೈಕು. ಅವನ ದನಿ ತಾನಾಗಿ ಮೆತ್ತಗಾಯಿತು. "ಎಷ್ಟು ಹೊತ್ತಿನ ಹಾಡು ಬೇಕು?"

"ಮುಂಜಾನಿಂದ ಸಂಜಿತನಕ."

"ಇಡೀ ದಿನವಾ ಮಾರಾಯ್ರೆ!"

"ಚೂರು ಬಿಟ್ರೂ ನುಗ್ಗತಾವ."

ಏನು ನುಗ್ಗುತ್ತವೆ ಎಂದು ವೀರಪ್ಪ ಹೇಳಲಿಲ್ಲ. ನೆನಪುಗಳು ಎಂದು ಕಿಶೋರ ತಿಳಿದುಕೊಂಡ. ಹೊಸದು ಬೇಕೋ ಹಳೆಯದೋ ಎಂದು ಕೇಳಿದ್ದಕ್ಕೆ "ಜೋರಿರಬೇಕು" ಎಂಬ ಉತ್ತರ ಬಂತು. ಎಂಥ ಪ್ರೀತಿ ಎಂದುಕೊಂಡು ಕಿಶೋರ ಊಟಕ್ಕೂ ಏಳದೆ, ಸಿನಿಮಾ ಹಾಡು, ಭಾವಗೀತೆ, ಜನಪದ ಎಲ್ಲದರಲ್ಲೂ ಜಾಲಾಡಿ, ಕಾಯುವಿಕೆಯ ಹಾಡುಗಳನ್ನೇ ಆರಿಸಿ ಆರಿಸಿ ತುಂಬಿದ. ಕೊಡುವಾಗ ವೀರಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಬಂದೇ ಬರ್ತಾರೆ" ಎಂದ.

"ಬರಬಾರದು ಅಂತನ ಹಾಕೂದು" ಎಂದು ವೀರಪ್ಪ ಬಸ್ಸಿಗೆ ಓಡಿದ. ಕಿಶೋರ ಅವತ್ತು ಸಂಜೆಯವರೆಗೆ ಆ ಮಾತಿನ ಅರ್ಥ ಹುಡುಕುತ್ತ ಕೂತಿದ್ದಿರಬೇಕು.

ಮರುದಿನ ಬೆಳಿಗ್ಗೆ ಹೊಲದ ನಡುವೆ ಗಳ ನೆಟ್ಟು, ಮೈಕನ್ನು ಹಳ್ಳದ ಕಡೆ ತಿರುಗಿಸಿ, ವೀರಪ್ಪ ಗುಂಡಿ ಒತ್ತಿದ. ಮೊದಲ ಹಾಡಿನಲ್ಲಿ ಒಬ್ಬ ಕೊನೆಯ ಬಸ್ಸನ್ನೂ ಕಳಿಸಿ ಇನ್ನೂ ನಿಲ್ದಾಣದಲ್ಲೇ ಕುಳಿತಿದ್ದ. ಎರಡನೆಯದರಲ್ಲಿ ಒಬ್ಬಳು ಹಚ್ಚಿಟ್ಟ ದೀಪದ ಎಣ್ಣೆ ತೀರಿಹೋಗುತ್ತಿತ್ತು. ಮೂರನೆಯವನು ಚಂದ್ರನನ್ನೇ ಕರೆದು, ನೀನಾದರೂ ಹೋಗಿ ನೋಡಿಕೊಂಡು ಬಾ ಎಂದು ಅಂಗಲಾಚುತ್ತಿದ್ದ. ಹಾಡು ಯಾವುದಾದರೂ ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದುದು ‘ಬಾ’ ಎಂಬಲ್ಲಿ. ಗಂಡಸರು ‘ಬಾರೆ’ ಎಂದರು, ಹೆಂಗಸರು ‘ಬಾರೋ’ ಎಂದರು. ಬಾ ಮಾತ್ರ ತಪ್ಪಲಿಲ್ಲ. ಮಂಗಗಳು ಮರದಿಂದ ಮರಕ್ಕೆ ಹಾರಿ ಕಾಣೆಯಾದವು. ಹಾಡಿನ ಅರ್ಥ ಅವಕ್ಕೂ ಬೇಕಿರಲಿಲ್ಲ, ವೀರಪ್ಪನಿಗೂ ಬೇಕಿರಲಿಲ್ಲ.

ಅರ್ಥ ಆದದ್ದು ಊರಿಗೆ.

"ಎಂತ ವೀರಪ್ಪಣ್ಣ" ಎಂದು ಸತೀಶ ಬದುವಿನ ಮೇಲೆ ನಿಂತು ನಕ್ಕ. "ಅತ್ತಿಗೆ ಇದ್ದಾಗ ನಿಂಗೆ ಬಾಯೇ ಇರ್ಲಿಲ್ಲ. ಹೋದ ಮೇಲೆ ಹರಿದು ಬಂತಲ್ಲ ಮಾರಾಯ! ನಂಗೇ ಅಳು ಬರೋ ಹಾಗೆ ಆಗ್ತದೆ. ನನ್ ಹೆಂಡ್ತಿ ಬೆಳಿಗ್ಗೆಯಿಂದ ಕೇಳ್ತಾ ಇದ್ದಾಳೆ, ನೀನು ಯಾವತ್ತಾದ್ರೂ ನಂಗೆ ಹೀಗೆ ಕಾದಿದ್ದೆಯಾ ಅಂತ."

"ಏನಂದಿ?"

"ರೇಷನ್ ಅಂಗಡಿ ಮುಂದೆ ಕಾದಿದ್ದೆ ಅಂದೆ. ಮಧ್ಯಾಹ್ನ ಊಟ ಹಾಕ್ಲಿಲ್ಲ."

ಕೆಲವು ದಿನ ಕಳೆದ ಮೇಲೆ ಶಿವಪುತ್ರಪ್ಪ ಸಂಕ ದಾಟಿ ಬಂದ. ಯಾರೂ ಕೇಳಿಸಿಕೊಳ್ಳದಂತೆ ಜೋಳದ ಸಾಲಿನೊಳಗೆ ವೀರಪ್ಪನನ್ನು ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದ:

"ಮಾವಾರ, ನಿಮ್ಮ ಹಾಡು ಕೆಲಸಾ ಮಾಡಾಕತ್ತಾವ. ಮೊದಲ ದಿನಾ ಹೆಂಗಸಿನ ದನಿ ಕೇಳಿ, ಯಾವಾಕಿ ಆಕಿ ನನ್ನ ಹೊಲದಾಗ ನಿಂತು ನನ್ನ ಗಂಡನ್ನ ಬಾರೋ ಅನ್ನಾಕಿ ಅಂತ ಅಕ್ಕ ಕುಡುಗೋಲು ಹಿಡಕೊಂಡ್ಲು. ಹಾಡ್ರೀ ಅಕ್ಕಾರ ಅದು, ಹಾಡು ಅಂತ ವಾಣಿಶ್ರೀ ಸಮಾಧಾನ ಮಾಡಿದ್ಲು. ಈಗ ಹಾಡು ಶುರುವಾದ ಕೂಡಲೇ ಹಿತ್ತಲದಾಗ ಹೋಗಿ ಕುಂದರ್ತಾಳ. ಕೇಳಿದ್ರ, ಪಲ್ಯಾ ಸೋಸಾಕತ್ತೀನಿ ಅಂತಾಳ. ಒಂದು ಸೂಡು ಸೊಪ್ಪು ಮುಂಜಾನಿಂದ ಸಂಜಿತನಕ ಯಾರರೆ ಸೋಸ್ತಾರೇನ್ರಿ?"

ವೀರಪ್ಪ ಏನೋ ಹೇಳಲು ಬಾಯಿ ತೆರೆದ. ಶಿವಪುತ್ರಪ್ಪ ಬಿಡಲಿಲ್ಲ. "ಆದ್ರ ಮೈಕಿನಾಗ ಕರದದ್ದು ಕರದಂಗ ಅಲ್ಲ ಅಂತ ಆಕಿ ಹಟ. ಕರದಂಗನ ಅಂತ ನಾನು. ಕೈ ಮುಗಿತೀನಿ ಮಾವಾರ, ನನಗ ಬ್ಯಾರೆ ದಾರಿ ಇಲ್ಲ. ಅಡಿಗಿಮನಿ ಡಬ್ಬಿ ಎಲ್ಲಾ ಜಾಗಾ ಬದಲಾಗ್ಯಾವ. ಉಪ್ಪು ಎಲ್ಲೈತಿ ಅಂತ ಸ್ವಂತ ಮನಿಯಾಗ ವಾಣಿಶ್ರೀ ಕೇಳಬೇಕಾಗೈತಿ. ಅಂತೂ ಒಪ್ಪಿಸೀನಿ. ಬುಧವಾರ ಅಕ್ಕ ಬರ್ತಾಳ. ನೀವು ಒಂದು ಮಾತೂ ಆಡೂದು ಬ್ಯಾಡ. ಹಾಡು ಒಂದು ನಿಲ್ಲಿಸಬ್ಯಾಡ್ರಿ."

ಒಂದು ಮಾತೂ ಆಡುವುದು ಬೇಡ ಎಂಬ ಷರತ್ತು ವೀರಪ್ಪನಿಗೆ ಬಹಳ ಹಿಡಿಸಿತು. ಆ ಹಾಡು ಹಾಕಿದ್ದು ಯಾಕೆಂದು ಹೇಳಬೇಕೆಂದಿದ್ದವನು ಬಾಯಿ ಮುಚ್ಚಿಕೊಂಡ. ಅಂದು ಸಂಜೆ ಮನೆ ಗುಡಿಸಿದ. ಪಾತ್ರೆಗಳನ್ನು ಬೆಳಗಿದ. ಹೆಂಡತಿ ಕೂರುವ ಮಣೆಯನ್ನು ತೊಳೆದು ಗೋಡೆಗೆ ಒರಗಿಸಿಟ್ಟ.

ಆದರೆ ಮಂಗಗಳಿಗೆ ಬುಧವಾರದ ಮಾತು ತಿಳಿದಿರಲಿಲ್ಲ. ಮೈಕು ಕೂಗುತ್ತದೆಯೇ ಹೊರತು ಕಲ್ಲು ಹೊಡೆಯುವುದಿಲ್ಲ ಎಂಬ ಸತ್ಯ ಅಷ್ಟರಲ್ಲಿ ಅವಕ್ಕೆ ಗೊತ್ತಾಗಿತ್ತು. ಮೊದಲು ಬೇಲಿಯ ಮೇಲೆ ಬಂದು ಕೂತವು, ಆಮೇಲೆ ಸಾಲಿಗೆ ಇಳಿದವು. ಮಂಗಳವಾರ ಸಂಜೆ ವೀರಪ್ಪ ಹೊಲಕ್ಕೆ ಬಂದಾಗ ಗುಂಪಿನ ದೊಡ್ಡ ಗಡವ ಮೈಕಿನ ಗಳದ ಬುಡಕ್ಕೆ ಒರಗಿ, ಎಳೆ ತೆನೆ ಸುಲಿಯುತ್ತ, ಬಸ್ ನಿಲ್ದಾಣದಲ್ಲಿ ಕುಳಿತವನ ಗೋಳನ್ನು ಕೇಳುತ್ತ ಕಣ್ಣು ಅರೆಮುಚ್ಚಿತ್ತು.

"ಅಲ್ಲ ವೀರಪ್ಪಣ್ಣ" ಎಂದ ಸತೀಶ, "ಹೊತ್ತಾರೆಯಿಂದ ಬಾ ಬಾ ಅಂತ ನೀನು ಕರೆದ್ರೆ, ಮರ್ಯಾದೆ ಇದ್ದ ಮಂಗ ಬರದೆ ಎಂತ ಮಾಡ್ತದೆ?" ಹೆಗ್ಗರಣೆಯ ತನ್ನ ಭಾವ ಹುಲಿಯ ಗರ್ಜನೆ ಹಾಕಿ ತೋಟ ಉಳಿಸಿಕೊಂಡಿದ್ದಾನೆಂದು ಹೇಳಿ, ಜೇಬಿನಿಂದ ಅದರ ಪೆನ್‌ಡ್ರೈವ್ ತೆಗೆದು ಕೊಟ್ಟ.

ರಾತ್ರಿಯೆಲ್ಲ ಅದು ವೀರಪ್ಪನ ಅಂಗಿಯ ಜೇಬಿನಲ್ಲಿತ್ತು. ಹಾಡು ನಿಲ್ಲಿಸಿದರೆ ಹೆಂಡತಿ ಬರುವುದಿಲ್ಲ, ನಿಲ್ಲಿಸದಿದ್ದರೆ ಜೋಳ ಉಳಿಯುವುದಿಲ್ಲ. ಬೆಳಿಗ್ಗೆ ಅವನೊಂದು ಲೆಕ್ಕಾಚಾರ ಮಾಡಿದ. ಪಾರ್ವತವ್ವ ಊಟ ಮಾಡಿಯೇ ಹೊರಡುವವಳು. ಬೆಳಗಿನ ಹೊತ್ತು ಹುಲಿ ಕೂಗಲಿ, ಬಿಸಿಲೇರಿದ ಮೇಲೆ ಹಾಡು ಹಾಕೋಣ. ಗುಂಡಿ ಒತ್ತಿದ. ಹುಲಿ ಗರ್ಜಿಸಿತು. ಗಡವ ಕೈಯಲ್ಲಿದ್ದ ತೆನೆ ಚೆಲ್ಲಿ ಓಡಿತು. ವೀರಪ್ಪನಿಗೆ ಬಹಳ ದಿನಗಳ ಮೇಲೆ ನಗು ಬಂತು.

ಆ ನಗು ಮುಗಿಯುವ ಮೊದಲೇ ಶಿವಪುತ್ರಪ್ಪನ ಫೋನು.

"ಏನ್ ಮಾಡಿದ್ರಿ ಮಾವಾರ! ಮಧ್ಯಾಹ್ನ ಕಾಲ ಚಲೋ ಇಲ್ಲ ಅಂತ ಅಕ್ಕ ಮುಂಜಾನೆನ ಹೊಂಟಿದ್ಲು. ಕೆಂಪು ಸೀರಿ ಉಟ್ಟು ಸಂಕದ ತನಕಾ ಬಂದಿದ್ಲು. ನಿಮ್ಮ ಹೊಲದಾಗಿಂದ ಗರ್‍ರ್ ಅಂತು!"

"ಹುಲಿಗೆ ಹೆದರಿದ್ಲೇನು?"

"ಹೆದರೂದಾ? ಹುಲಿ ಎದುರಿಗೆ ಬಂದಿದ್ರ ಅದರ ಗತಿ ಏನಾಗ್ತಿತ್ತೋ! ‘ನಾ ಬರೂದು ಕಂಡು ಗರ್ಜಸ್ತಾರ’ ಅಂತ ತಿರುಗಿ ಬಂದು, ಉಟ್ಟ ಸೀರಿ ಬಿಚ್ಚಿಟ್ಟು, ಮತ್ತ ನಮ್ಮ ಡಬ್ಬಿ ಜೋಡಸಾಕತ್ಯಾಳ. ಈಗ ನೀವ ಬರಬೇಕು."

ವೀರಪ್ಪ ಹೊಲವನ್ನು ನೋಡಿಕೊಳ್ಳಲು ಸತೀಶನಿಗೆ ಕೈಸನ್ನೆ ಮಾಡಿ ಹೊರಟ. ಸಂಕದ ಬಳಿ ಅದೇ ಹೆಂಗಸರು ಅದೇ ಬಟ್ಟೆ ಒಗೆಯುತ್ತಿದ್ದರು. ಈ ಸಲ ಕಾಲು ತೊಳೆಯಲು ನಿಲ್ಲಲಿಲ್ಲ.

ಶಿವಪುತ್ರಪ್ಪನ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ವಾಣಿಶ್ರೀ ಬೆಲ್ಲ ನೀರು ತಂದಿಟ್ಟಳು. ಪಾರ್ವತವ್ವ ಅಡಿಗೆಮನೆಯ ಬಾಗಿಲಲ್ಲಿ, ಗೋಡೆಯನ್ನು ನೋಡುತ್ತ ನಿಂತಳು. ಮಾತಾಡಬೇಕಾದವಳು ಪಣ ತೊಟ್ಟು ಸುಮ್ಮನಿದ್ದಳು, ಮಾತಾಡಬೇಕಾದವನಿಗೆ ಅಭ್ಯಾಸವಿರಲಿಲ್ಲ.

ಕೊನೆಗೆ ಅವಳೇ ಗೋಡೆಗೆ ಹೇಳಿದಳು: "ಆ ಹಾಡೆಲ್ಲಾ ಯಾರಿಗೆ ಹಾಕಿದ್ದು ಅಂತ ಖರೇ ಹೇಳಲಿ."

ಶಿವಪುತ್ರಪ್ಪ ಭಾವನಿಗೆ ಕಣ್ಣು ಮಿಟುಕಿಸಿದ. ‘ನಿನಗೆ’ ಎಂದರೆ ಮುಗಿಯಿತು. ಮೂರೇ ಅಕ್ಷರ, ವೀರಪ್ಪನಿಗೂ ಹಗುರ. ಆದರೆ ವೀರಪ್ಪ ಮಾತಿನಲ್ಲಿ ಜಿಪುಣನೇ ಹೊರತು ಸುಳ್ಳನಲ್ಲ.

"ಮಂಗಕ್ಕ" ಎಂದ.

"ಅಯ್ಯ ಶಿವನ!" ಎಂದು ವಾಣಿಶ್ರೀ ಎದೆಗೆ ಕೈಯಿಟ್ಟಳು. "ಯಾರ್‍ರೀ ಅಣ್ಣಾರ ಆಕಿ? ಯಾ ಊರ ಮಂಗಕ್ಕ?"

ಪಾರ್ವತವ್ವ ಗೋಡೆಯಿಂದ ಮುಖ ತಿರುಗಿಸಿದಳು. ಆ ಮುಖ ಕಂಡು ವೀರಪ್ಪನಿಗೆ ಹುಟ್ಟಿದಂದಿನಿಂದ ಉಳಿಸಿಕೊಂಡ ಮಾತನ್ನೆಲ್ಲ ಖರ್ಚು ಮಾಡುವ ಹೊತ್ತು ಬಂದಿದೆಯೆಂದು ತಿಳಿಯಿತು. ಎದ್ದು ನಿಂತು, ಪಾಠ ಒಪ್ಪಿಸುವವನಂತೆ ಒಂದೊಂದೇ ಪದ ಇಟ್ಟ.

"ಮಂಗಕ್ಕ ಅಂದ್ರ ಹೆಂಗಸಲ್ಲ. ಮಂಗ. ಮರದ ಮ್ಯಾಲಿನ ಮಂಗ. ನಾನು ಹೊಲಾ ಕಾಯಾಕ ಹಾಡು ಹಾಕಿ ಕೊಡು ಅಂದೆ. ಹೊಲಾ ಅನ್ನೂದು ಬಿಟ್ಟೆ. ಅಂವಾ ಈ ಹಾಡು ಹಾಕಿದ. ಮಂಗ ಓಡಿದ್ವು, ಬಿಟ್ಟೆ. ಆಮ್ಯಾಲ ಓಡಲಿಲ್ಲ, ಹುಲಿ ಹಾಕಿದೆ. ನೀ ಬರಲಿ ಅಂತ ಹಾಡು ಹಾಕಲಿಲ್ಲ. ಹಾಕಬೇಕು ಅಂತ ಹೊಳೀಲಿಲ್ಲ ನನಗ."

ಶಿವಪುತ್ರಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ಅವನ ಕಣ್ಣ ಮುಂದೆ ಅಡಿಗೆಮನೆಯ ಡಬ್ಬಿಗಳೆಲ್ಲ ಸಾಲಾಗಿ ನಿಂತಿರಬೇಕು.

"ಆ ದೀಪದ ಹಾಡು ಕೇಳಿ ನಾ ಅತ್ತೀನಿ" ಎಂದಳು ಪಾರ್ವತವ್ವ ಸಣ್ಣ ದನಿಯಲ್ಲಿ. "ಮಂಗಕ್ಕ ಹಾಕಿದ ಹಾಡಿಗೆ."

"ನಾನೂ ದಿನಾ ಕೇಳೀನಿ ಅದನ್ನ."

"ಕೇಳಿದ್ರ ಏನನಿಸ್ತು ನಿಮಗ?"

"ಎಣ್ಣಿ ತೀರಿದ್ರ ಹಾಕ್ಕೊಬಾರದ, ಅದಕ್ಕ್ಯಾಕ ಇಷ್ಟು ಗೋಳು ಅನಿಸ್ತು." ವೀರಪ್ಪ ಅವಳ ಕಡೆ ತಿರುಗಿದ. "ನಿನ್ನೆ ಮನಿಗೆ ಹೋಗಿ ದೇವರ ಮುಂದ ನೋಡಿದೆ. ನಮ್ಮ ದೀಪದಾಗೂ ಎಣ್ಣಿ ಇರಲಿಲ್ಲ. ನೀ ಹೋದಾಗಿಂದ ಹಚ್ಚಿಲ್ಲ. ಹಾಕೂಣಂದ್ರ ಎಣ್ಣಿ ಎಲ್ಲಿ ಇಡ್ತೀ ಅನ್ನೂದ ಗೊತ್ತಾಗಲಿಲ್ಲ. ಎಲ್ಲಾ ಕಡೆ ಹುಡುಕಿದೆ. ಆಮ್ಯಾಲ ಅಲ್ಲೇ ಕುಂತೆ."

"ಮೂಲಿ ಗೂಡಿನಾಗ, ಹಿತ್ತಾಳಿ ತಂಬಿಗಿ ಹಿಂದ" ಎಂದಳು ಪಾರ್ವತವ್ವ ತಡೆಯಲಾರದೆ.

"ನನಗ ಸಿಗೂದಿಲ್ಲ. ನೀನ ಬಾ."

ವಾಣಿಶ್ರೀ ಚಪ್ಪಾಳೆ ತಟ್ಟಿ ಕುಣಿದಳು. "ಅಂದ್ರು! ಅಕ್ಕಾರ, ಅಂದ್ರು!"

"ಏನಂದ್ರು?" ಎಂದು ಪಾರ್ವತವ್ವ ಕೇಳಿಸದವಳಂತೆ ನಿಂತಳು.

ವೀರಪ್ಪನಿಗೂ ತಾನು ಏನೆಂದೆನೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ, ಹಿತ್ತಲ ಬಾಗಿಲಲ್ಲಿ ಇಣುಕುತ್ತಿದ್ದ ನೆರೆಯವರನ್ನೂ ಲೆಕ್ಕಿಸದೆ, ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ, ಮೈಕು ಬೇಡದಷ್ಟು ದೊಡ್ಡದಾಗಿ ಹೇಳಿದ: "ಬಾ ಅಂದೆ. ಮನಿಗೆ ಬಾ."

ಪಾರ್ವತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಲಿ ಮ್ಯಾಲ ಸಾರು ಐತಿ. ಉಂಡು ಹೋಗೂಣ. ಕುಂದರ್ರಿ."

ಅವನು ಕುಳಿತ. ಆಗಲೇ ಜೇಬಿನಲ್ಲಿ ಫೋನು ಕುಣಿಯಿತು. ಮೋಡ ಕವಿದು ಮೈಕು ನಿಂತುಹೋಗಿದೆ, ಗುಂಪೆಲ್ಲ ಇಳಿದಿದೆ, ತನ್ನೊಬ್ಬನ ಕೈಯಲ್ಲಿ ಆಗುವುದಿಲ್ಲ, ಬೇಗ ಬಾ ಎಂದು ಸತೀಶ ಒದರುತ್ತಿದ್ದ. ವೀರಪ್ಪ "ಹೂಂ" ಎಂದು ಫೋನನ್ನು ಜೇಬಿಗಿಟ್ಟು, ಕಂಬಳಿಯ ಮೇಲೆ ಕಾಲು ಮಡಚಿ ಸರಿಯಾಗಿ ಕುಳಿತುಕೊಂಡ.

"ಯಾರದು?" ಎಂದಳು ಪಾರ್ವತವ್ವ ಒಳಗಿನಿಂದ.

"ಸತೀಶ. ಮಂಗ ಬಂದಾವಂತ."

"ಮತ್ತ ಕುಂತೀರಲ್ಲ!"

"ನೀ ಬರಬೇಕಲ್ಲ."

ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. "ಜ್ವಾಳ ಹೋದ್ರ ವರ್ಷವಿಡೀ ಇವರ ಸಾರು ಕುಡದು ಇರೂದೇನ್ರಿ?" ಎನ್ನುತ್ತ ಪಾರ್ವತವ್ವ ಕಚ್ಚೆ ಬಿಗಿದವಳಂತೆ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಹಾರಿದಳು. ಶಿವಪುತ್ರಪ್ಪ ಓಡಿ ಹೋಗಿ ಅವಳ ಚೀಲವನ್ನು ಭಾವನ ಹೆಗಲಿಗೆ ತಾನೇ ಏರಿಸಿದ.

ದಾರಿಯುದ್ದಕ್ಕೂ ಅವಳು ಮುಂದೆ, ಅವನು ಹಿಂದೆ. ಬೇಲಿ ಕಟ್ಟಿಲ್ಲ, ಮೋಡ ನೋಡಿಲ್ಲ, ಹುಲಿಯ ಬುದ್ಧಿ ಯಾರು ಹೇಳಿಕೊಟ್ಟರು ಎಂದು ಅವಳು ಬೈಯುತ್ತಲೇ ಇದ್ದಳು; ಅವನು ಪ್ರತಿಯೊಂದಕ್ಕೂ ಹೂಂಗುಟ್ಟುತ್ತಿದ್ದ. ಸಂಕದ ಮೇಲೆ ಹಾವಸೆ ಕಟ್ಟಿತ್ತು.

"ಸಾವಕಾಶ ಹೋಗು. ಕಾಲು ಜಾರತೈತಿ."

"ಸಾವಕಾಶ ಹೋದ್ರ ಜ್ವಾಳ ಹೋಗತೈತಿ!"

"ಹೋಗ್ಲಿ."

ಪಾರ್ವತವ್ವ ಸಂಕದ ನಟ್ಟನಡುವೆ ನಿಂತು ಹಿಂತಿರುಗಿ ನೋಡಿದಳು. ಬೆಳೆ ಹೋಗಲಿ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಬಟ್ಟೆ ಒಗೆಯುವವರು ಕೈ ನಿಲ್ಲಿಸಿ, ಇನ್ನೇನು ನಡೆಯುತ್ತದೆಯೋ ಎಂದು ಕಾದರು.

"ಹೋಗ್ಲಿ ಅಂತಾರ, ಹೋಗ್ಲಿ!" ಎಂದಳು ಅವಳು ಮುಖ ತಿರುಗಿಸಿಕೊಂಡು, ಮೊದಲಿಗಿಂತ ಜೋರಾಗಿ ಹೆಜ್ಜೆ ಹಾಕುತ್ತ. "ಬಿತ್ತಿದಾಕಿ ನಾನು. ಜಲ್ದಿ ಬರ್ರಿ!"